ಆ ಪತ್ರಗಳಲ್ಲಿ ಜಾಸ್ತಿ ಇರುವುದು ಪುಸ್ತಕದ ಎರವಲು

ನಿಮ್ಮ ಪ್ರಶ್ನೆ ಇದು: ‘16–17ನೇ ಶತಮಾನದ ಇಂಗ್ಲೆಂಡಿನಲ್ಲಿ ಪಂಡಿತರು, ಪುಸ್ತಕ ಕೂಡಿಡುವವರು ಒಬ್ಬರಿಗೊಬ್ಬರು ಸಾವಿರಾರು ಪತ್ರ ಬರೆದಿದ್ದಾರಂತೆ. ಅಷ್ಟು ಬರೆಯೋಕೆ ಏನಿತ್ತು? ನಾನು ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ?’

ನಾನು ಇತಿಹಾಸ ಕಲಿಸುವವಳಲ್ಲ. ಬಹಳ ವರ್ಷ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಪುಸ್ತಕ ಕೊಡುವುದು, ಬರೆದಿಟ್ಟುಕೊಳ್ಳುವುದು, ವಾಪಸ್ ಬರದಿದ್ದರೆ ನೆನಪು ಮಾಡುವುದು, ಇದೇ ನನ್ನ ದಿನದ ಕೆಲಸವಾಗಿತ್ತು. ಬಹುಶಃ ಅದಕ್ಕೇ ಈ ಪತ್ರಗಳು ನನಗೆ ಬೇಗ ಹತ್ತಿರವಾದವು. ಅವುಗಳಲ್ಲಿ ದೇವರು, ರಾಜಕೀಯ, ಗ್ರಹ-ನಕ್ಷತ್ರ ಎಲ್ಲ ಇದೆ. ಆದರೆ ಮತ್ತೆ ಮತ್ತೆ ಬರುವ ಮಾತು ಒಂದೇ. ಆ ಪುಸ್ತಕ ನಿಮ್ಮ ಹತ್ತಿರ ಇದೆಯಾ? ಸ್ವಲ್ಪ ದಿನಕ್ಕೆ ಕಳಿಸುತ್ತೀರಾ? ನಾನು ಕಳಿಸಿದ್ದು ತಲುಪಿತಾ?

ಇದಕ್ಕೆ ಕಾರಣ ತಿಳಿಯಬೇಕಾದರೆ 1536ಕ್ಕೆ ಹೋಗಬೇಕು. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಆ ವರ್ಷ ಕ್ರೈಸ್ತ ಮಠಗಳನ್ನು ಮುಚ್ಚಿಸಲು ಶುರು ಮಾಡಿದ. 1540ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ನೂರಾರು ವರ್ಷ ಕೈಯಲ್ಲಿ ಬರೆದು ಕಾಪಾಡಿದ ಪುಸ್ತಕಗಳು ಇದ್ದದ್ದು ಆ ಮಠಗಳಲ್ಲೇ. ಅವು ಬೀದಿಗೆ ಬಂದವು. ಕೆಲವರು ಆ ಹಾಳೆಗಳಿಂದ ದೀಪದ ಕಂಬ ಉಜ್ಜಿದರು, ಬೂಟು ಒರೆಸಿದರು, ಕೆಲವರು ದಿನಸಿ ಅಂಗಡಿಗೂ ಸೋಪು ಮಾರುವವರಿಗೂ ಮಾರಿದರು ಎಂದು ಜಾನ್ ಬೇಲ್ 1549ರಲ್ಲಿ ಬರೆದ. ಮಠಗಳನ್ನು ಒಪ್ಪದ ಪ್ರಾಟೆಸ್ಟಂಟ್ ಪಂಥದವನೇ ಅವನು. ಮಠಗಳು ಹೋಗಿದ್ದಕ್ಕೆ ಅವನಿಗೆ ದುಃಖವಿರಲಿಲ್ಲ, ಪುಸ್ತಕಗಳಿಗಾಗಿ ಅತ್ತ. ಆ ಪುಟ ಓದಿದಾಗ ನನಗೂ ಹೊಟ್ಟೆ ಹಿಂಡಿದಂತಾಗಿತ್ತು.

ಉಳಿದವು ಯಾರ್ಯಾರದೋ ಮನೆ ಸೇರಿದವು. ಯಾವ ಪುಸ್ತಕ ಎಲ್ಲಿದೆ ಅಂತ ಹೇಳುವ ಪಟ್ಟಿ ಇರಲಿಲ್ಲ. ಒಂದು ಹಳೆಯ ಚರಿತ್ರೆ ಗ್ರಂಥ ನೋಡಬೇಕೆಂದರೆ ಬಲ್ಲವರನ್ನು ಕೇಳಬೇಕು, ಅವರು ಇನ್ನೊಬ್ಬರ ಹೆಸರು ಹೇಳಬೇಕು, ಆಮೇಲೆ ಆ ಇನ್ನೊಬ್ಬರಿಗೆ ಬರೆಯಬೇಕು. ಈಗ ನಾವು ಕಂಪ್ಯೂಟರಿನಲ್ಲಿ ಹುಡುಕುವ ಕೆಲಸವನ್ನು ಆಗ ಪತ್ರ ಮಾಡುತ್ತಿತ್ತು. ಎಲ್ಲರಿಗೂ ಅದು ಸುಲಭವಾಗಿರಲಿಲ್ಲ. ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್‌ನಂಥ ದೊಡ್ಡವನೂ ಜನರ ಮನೆಯಲ್ಲಿರುವ ಹಸ್ತಪ್ರತಿ ಕೇಳಲು 1568ರಲ್ಲಿ ರಾಣಿಯ ಮಂತ್ರಿಮಂಡಲದಿಂದ ಪತ್ರ ಬರೆಸಿಕೊಂಡ.

ಈ ಲೋಕದ ನಡುಮನೆ ಅಂದರೆ ಹಳೆಯ ಹಸ್ತಪ್ರತಿ ಕೂಡಿಡುತ್ತಿದ್ದ ರಾಬರ್ಟ್ ಕಾಟನ್‌ನ ಮನೆ. ಹುಟ್ಟಿದ್ದು 1571ರಲ್ಲಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ, ಪಾರ್ಲಿಮೆಂಟಿನ ಎರಡು ಸದನಗಳ ನಡುವೆ ಅವನ ಮನೆ. ಅಲ್ಲಿನ ಪುಸ್ತಕದ ಕಪಾಟುಗಳ ಮೇಲೆ ರೋಮ್ ಚಕ್ರವರ್ತಿಗಳ ತಲೆಯ ಮೂರ್ತಿಗಳಿದ್ದವು. ಅವರ ಹೆಸರೇ ಕಪಾಟಿನ ಹೆಸರು. ಬಿಯೊವುಲ್ಫ್ ಎಂಬ ಹಳೆಗಾಲದ ಇಂಗ್ಲಿಷ್ ಕಾವ್ಯದ ಒಂದೇ ಒಂದು ಹಸ್ತಪ್ರತಿಗೆ ಇಂದಿಗೂ, ವಿಟೆಲ್ಲಿಯಸ್ ಚಕ್ರವರ್ತಿಯ ಹೆಸರಿನಲ್ಲಿ, ‘ಕಾಟನ್ ವಿಟೆಲ್ಲಿಯಸ್’ ಅಂತಲೇ ಗುರುತು.

ಕಾಟನ್ ಪುಸ್ತಕ ಕೊಡುತ್ತಿದ್ದ. ಇದೇ ಅವನ ದೊಡ್ಡ ಗುಣ. ಗೆಳೆಯರಿಗೆ, ಗೆಳೆಯರ ಗೆಳೆಯರಿಗೆ, ವಕೀಲರಿಗೆ, ಪಾರ್ಲಿಮೆಂಟಿನವರಿಗೆ ಕೊಡುತ್ತಿದ್ದ. ಯಾರಿಗೆ ಯಾವುದು ಹೋಯಿತು ಅಂತ ಬರೆದಿಟ್ಟ ಪಟ್ಟಿಗಳು ಉಳಿದಿವೆ. ಅವು ಥೇಟ್ ನಮ್ಮ ಗ್ರಂಥಾಲಯದ ಎರವಲು ರಿಜಿಸ್ಟರ್ ತರ. ಬರೆದಿಟ್ಟರೂ ಎಲ್ಲವೂ ವಾಪಸ್ ಬರಲಿಲ್ಲ. ಅರಂಡೆಲ್‌ನ ಅರ್ಲ್ ಥಾಮಸ್ ಹೋವರ್ಡ್ ಬೈಬಲಿನ ಕೀರ್ತನೆಗಳ ಒಂದು ಚಿತ್ರಗಳಿರುವ ಗ್ರಂಥ ತೆಗೆದುಕೊಂಡು ಹೋದ. 9ನೇ ಶತಮಾನದ್ದು, ಪ್ರತಿ ಕೀರ್ತನೆಗೂ ರೇಖಾಚಿತ್ರ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾದ ಕಾಲದಲ್ಲಿ ಅರ್ಲ್ ದೇಶ ಬಿಟ್ಟ, ಪುಸ್ತಕವೂ ಕಡಲು ದಾಟಿತು. 1716ರಲ್ಲಿ ನೆದರ್ಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯ ಸೇರಿ ಈಗಲೂ ಅಲ್ಲೇ ಇದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತೇವಲ್ಲ, ಈ ಕಥೆ ಓದಿದಾಗ ಅದೇ ನೆನಪಾಗುತ್ತದೆ. ಆದರೂ ಕಾಟನ್ ಕೊಡುವುದನ್ನು ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅವನ ಪತ್ರಬಳಗದಲ್ಲಿ ಜೇಮ್ಸ್ ಅಶ್ಶರ್ ಇದ್ದ. ಲೋಕ ಹುಟ್ಟಿದ್ದು ಕ್ರಿಸ್ತಪೂರ್ವ 4004ರಲ್ಲಿ ಅಂತ ಲೆಕ್ಕ ಹಾಕಿದ ಐರ್ಲೆಂಡಿನ ಆರ್ಚ್‌ಬಿಷಪ್ ಇವನೇ. ಆ ಲೆಕ್ಕಕ್ಕೆ ಈಗ ಜನ ನಗುತ್ತಾರೆ. ಆದರೆ ಮೂಲ ಗ್ರಂಥ ನೋಡದೆ ಮಾತಾಡಬಾರದು ಅನ್ನುವ ಅವನ ಹಠ ದೊಡ್ಡದು. ಅವನಿಗೆ ಸಮಾರಿಯದವರ (ಯೆಹೂದ್ಯರಿಗೆ ಹತ್ತಿರದ ಒಂದು ಹಳೆಯ ಪಂಗಡ) ಬೈಬಲ್ ಭಾಗಗಳು, ಪೂರ್ವದ ಕ್ರೈಸ್ತರ ಹಳೆಯ ಭಾಷೆಯಾದ ಸಿರಿಯಾಕ್‌ನ ಗ್ರಂಥಗಳು ಬೇಕಿದ್ದವು. ಸಿರಿಯಾದ ಅಲೆಪ್ಪೊ ಊರಿನಲ್ಲಿ ಥಾಮಸ್ ಡೇವಿಸ್ ಎಂಬ ಇಂಗ್ಲಿಷ್ ವರ್ತಕ ಇದ್ದ. 1620ರ ದಶಕದಲ್ಲಿ ಅಶ್ಶರ್ ಅವನಿಗೆ ಬರೆದ. ಡೇವಿಸ್ ತನ್ನ ವ್ಯಾಪಾರದ ನಡುವೆ ಹುಡುಕಾಡಿದ, ಬೇರೆ ಊರುಗಳಿಗೆ ಆಳು ಕಳಿಸಿದ, ಸಿಕ್ಕಿದ್ದನ್ನು ಹಡಗಿಗೆ ಹಾಕಿದ, ಸಿಗದ್ದಕ್ಕೆ ಕ್ಷಮೆ ಕೇಳಿ ಬರೆದ. ಆ ಪತ್ರಗಳು ಉಳಿದಿವೆ. ಹಾಗೆ ಬಂದ ಸಮಾರಿಯದ ಪ್ರತಿಗಳಲ್ಲಿ ಒಂದನ್ನು ಅಶ್ಶರ್ ತಂದು ಕಾಟನ್‌ಗೆ ಕೊಟ್ಟ. ಪುಸ್ತಕ ಕೊಟ್ಟವನಿಗೆ ಪುಸ್ತಕವೇ ಬಂತು ನೋಡಿ.

ಈಗ ಇನ್ನೊಂದು ತುದಿಗೆ ಹೋಗೋಣ. ಥಾಮಸ್ ಬಾಡ್ಲಿ ಆಕ್ಸ್‌ಫರ್ಡಿನಲ್ಲಿ ಪಾಳುಬಿದ್ದ ಗ್ರಂಥಾಲಯವನ್ನು ಎತ್ತಿ ನಿಲ್ಲಿಸಿ 1602ರಲ್ಲಿ ತೆರೆದ. ಪುಸ್ತಕ ಹೊರಗೆ ಕೊಡಬಾರದು ಅನ್ನುವುದು ಅಲ್ಲಿನ ನಿಯಮ. 1645ರಲ್ಲಿ ರಾಜ ಮೊದಲನೇ ಚಾರ್ಲ್ಸ್ ಒಂದು ಪುಸ್ತಕ ಕೇಳಿ ಕಳಿಸಿದಾಗ ಗ್ರಂಥಪಾಲಕ ಜಾನ್ ರೌಸ್ ನಿಯಮ ತೋರಿಸಿ ಇಲ್ಲ ಅಂದ. ರಾಜ ಒಪ್ಪಿಕೊಂಡ. ಗ್ರಂಥಾಲಯದಲ್ಲಿ ಕೆಲಸ ಮಾಡಿದ ಯಾರಿಗಾದರೂ ರೌಸ್ ಬಗ್ಗೆ ಗೌರವ ಹುಟ್ಟುತ್ತದೆ, ಅಲ್ವಾ?

ಬಾಡ್ಲಿ ಇದ್ದದ್ದು ಹೆಚ್ಚಾಗಿ ಲಂಡನ್ನಿನಲ್ಲಿ. ಅವನ ಮೊದಲ ಗ್ರಂಥಪಾಲಕ ಥಾಮಸ್ ಜೇಮ್ಸ್ ಆಕ್ಸ್‌ಫರ್ಡಿನಲ್ಲಿ. ಹಾಗಾಗಿ ಎಲ್ಲವೂ ಪತ್ರದಲ್ಲೇ. ಬಾಡ್ಲಿ ಅವನಿಗೆ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಪುಸ್ತಕದ ಪೆಟ್ಟಿಗೆ, ಪಟ್ಟಿಯಲ್ಲಿನ ತಪ್ಪು, ಎರಡೆರಡು ಪ್ರತಿ ಬಂದದ್ದು, ಇಂಥವೇ ಅವುಗಳಲ್ಲಿ ತುಂಬಿವೆ. ಗ್ರಂಥಪಾಲಕ ಮದುವೆಯಾಗಬಾರದು ಅಂತ ಬಾಡ್ಲಿಯ ಆಸೆ. ಜೇಮ್ಸ್ ಕೇಳಿಕೊಂಡ ಮೇಲೆ ಅವನೊಬ್ಬನಿಗೆ ಬಿಟ್ಟುಕೊಟ್ಟ.

1612ರ ಜನವರಿಯ ಒಂದು ಪತ್ರವನ್ನಂತೂ ತಪ್ಪದೆ ಓದಿ. ಅಷ್ಟರಲ್ಲಿ ಲಂಡನ್ನಿನ ಮುದ್ರಕರ ಸಂಘದ ಜೊತೆ ಒಪ್ಪಂದವಾಗಿ, ಅವರು ಅಚ್ಚು ಹಾಕಿದ ಪ್ರತಿ ಪುಸ್ತಕದ ಒಂದು ಪ್ರತಿ ಗ್ರಂಥಾಲಯಕ್ಕೆ ಬರಬೇಕಿತ್ತು. ಪಂಚಾಂಗ, ನಾಟಕ ಇವನ್ನೆಲ್ಲ ಒಳಗೆ ಬಿಡಬೇಡ ಅನ್ನುತ್ತಾನೆ ಬಾಡ್ಲಿ. ನಲವತ್ತು ನಾಟಕದಲ್ಲಿ ಒಂದು ಇಟ್ಟುಕೊಳ್ಳಲು ಯೋಗ್ಯವಾದರೆ ಹೆಚ್ಚು ಅನ್ನುವುದು ಅವನ ಲೆಕ್ಕ. ಆಗ ಶೇಕ್ಸ್‌ಪಿಯರ್ ಇನ್ನೂ ಬದುಕಿದ್ದ! 1623ರಲ್ಲಿ ಅವನ ನಾಟಕಗಳ ದೊಡ್ಡ ಸಂಪುಟ ಬಂದಾಗ ಬಾಡ್ಲಿ ತೀರಿಕೊಂಡು ಹತ್ತು ವರ್ಷ. ಗ್ರಂಥಾಲಯ ಆ ಪ್ರತಿಯನ್ನು ಇಟ್ಟುಕೊಂಡಿತು. 1664ರ ಮೂರನೇ ಮುದ್ರಣ ಬಂದ ಮೇಲೆ ಹಳೆಯದನ್ನು ಮಾರಿಬಿಟ್ಟಿತು. 1905ರಲ್ಲಿ ಒಬ್ಬ ವಿದ್ಯಾರ್ಥಿ ಮನೆಯಲ್ಲಿದ್ದ ಹಳೆಯ ಪುಸ್ತಕದ ರಟ್ಟಿನ ಬಗ್ಗೆ ಸಲಹೆ ಕೇಳಲು ಅಲ್ಲಿಗೇ ತಂದ. ಅದು ಅದೇ ಪ್ರತಿ. ಮರುವರ್ಷ ಚಂದಾ ಎತ್ತಿ 3,000 ಪೌಂಡ್ ಕೊಟ್ಟು ವಾಪಸ್ ಪಡೆದರು.

ಪತ್ರ ಹೋಗುತ್ತಿದ್ದದ್ದು ಹೇಗೆ ಅಂತಲೂ ಸ್ವಲ್ಪ ಹೇಳಬೇಕು. ಲಕೋಟೆ ಇರಲಿಲ್ಲ. ಬರೆದ ಹಾಳೆಯನ್ನೇ ಮಡಿಸಿ ಅರಗಿನ ಮುದ್ರೆ ಒತ್ತುತ್ತಿದ್ದರು. ರಾಜನ ಅಂಚೆ ಸಾಮಾನ್ಯ ಜನರಿಗೆ ತೆರೆದದ್ದು 1635ರಲ್ಲಿ. ಒಂದು ಹಾಳೆಯ ಪತ್ರ 80 ಮೈಲಿಯೊಳಗೆ ಹೋಗಲು 2 ಪೆನ್ನಿ. ಪುಸ್ತಕದಂಥ ಭಾರದ ವಸ್ತುವಿಗೆ ಸಾಮಾನು ಸಾಗಿಸುವ ಗಾಡಿಯವರೇ ಗತಿ. ಯಾವ ಊರಿನ ಗಾಡಿಯವನು ಲಂಡನ್ನಿನ ಯಾವ ಛತ್ರದಲ್ಲಿ ವಾರದ ಯಾವ ದಿನ ಇಳಿಯುತ್ತಾನೆ ಅಂತ 1637ರಲ್ಲಿ ಒಂದು ಕಿರುಹೊತ್ತಿಗೆಯೇ ಬಂತು.

ಪತ್ರ ಬರೆಯುವುದು ಅಪಾಯವೂ ಆಗಿತ್ತು. ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಯುರೋಪಿನ ತುಂಬ ಪತ್ರ ಬರೆಯುತ್ತಿದ್ದ. ಡಚ್ಚರ ಜೊತೆ ಯುದ್ಧ ನಡೆಯುವಾಗ, 1667ರಲ್ಲಿ, ಅನುಮಾನದ ಮೇಲೆ ಅವನನ್ನು ಲಂಡನ್ ಟವರಿನಲ್ಲಿ ಎರಡು ತಿಂಗಳು ಕೂಡಿಹಾಕಿದರು. ಕಾಟನ್‌ನ ಪಾಡು ಇನ್ನೂ ನೋವಿನದು. ಅವನ ಪುಸ್ತಕಗಳಿಂದ ಪಾರ್ಲಿಮೆಂಟಿನವರಿಗೆ ರಾಜನ ವಿರುದ್ಧ ವಾದ ಸಿಗುತ್ತದೆ ಅನ್ನುವ ಭಯಕ್ಕೆ ಚಾರ್ಲ್ಸ್ 1629ರಲ್ಲಿ ಗ್ರಂಥಾಲಯಕ್ಕೆ ಬೀಗ ಹಾಕಿಸಿದ. ಸ್ವಂತ ಮನೆಯ ಸ್ವಂತ ಪುಸ್ತಕ ಮುಟ್ಟುವಂತಿಲ್ಲ. 1631ರಲ್ಲಿ ಅದೇ ಕೊರಗಿನಲ್ಲಿ ತೀರಿಕೊಂಡ.

ಕೊಡುವುದು ತಪ್ಪಲ್ಲ ಅಂತ ಯಾಕೆ ಅಂದೆ ಅಂದರೆ, 1731ರ ಅಕ್ಟೋಬರಿನಲ್ಲಿ ಕಾಟನ್ ಸಂಗ್ರಹ ಇದ್ದ ಆಶ್‌ಬರ್ನ್‌ಹ್ಯಾಮ್ ಹೌಸ್‌ಗೆ ಬೆಂಕಿ ಬಿತ್ತು. ಮರುವರ್ಷದ ವರದಿಯ ಪ್ರಕಾರ 958 ಹಸ್ತಪ್ರತಿಗಳಲ್ಲಿ 114 ಪೂರ್ತಿ ಹೋದವು, 98 ಹಾಳಾದವು. ಓಥೋ ಚಕ್ರವರ್ತಿಯ ಕಪಾಟಿನ ‘ಓಥೋ ಎ 12’ ಅನ್ನುವ ಸಂಪುಟದಲ್ಲಿ ಆಲ್ಫ್ರೆಡ್ ರಾಜನ ಬಗ್ಗೆ ಆಸರ್ ಬರೆದ ಚರಿತ್ರೆ ಇತ್ತು, 991ರ ಮಾಲ್ಡನ್ ಯುದ್ಧದ ಹಳೆಗಾಲದ ಇಂಗ್ಲಿಷ್ ಕವಿತೆಯೂ ಇತ್ತು. ಎರಡೂ ಸುಟ್ಟುಹೋದವು. ಆದರೆ ಎರಡನ್ನೂ ನಾವು ಇಂದು ಓದಬಹುದು. ಆಸರ್‌ನ ಚರಿತ್ರೆಯನ್ನು ಪಾರ್ಕರ್ 1574ರಲ್ಲೇ ಅಚ್ಚು ಹಾಕಿಸಿದ್ದ. ಕವಿತೆಯನ್ನು ಬೆಂಕಿಗೆ ಮುಂಚೆ ಯಾರೋ ನಕಲು ಮಾಡಿದ್ದರು, ಅದನ್ನು ಥಾಮಸ್ ಹರ್ನ್ 1726ರಲ್ಲಿ, ಬೆಂಕಿಗೆ ಬರೀ ಐದು ವರ್ಷ ಮೊದಲು, ಪ್ರಕಟಿಸಿದ. ಕಪಾಟಿನೊಳಗೆ ಭದ್ರವಾಗಿದ್ದದ್ದು ಹೋಯಿತು. ಯಾರೋ ಕೇಳಿ, ಯಾರೋ ತೋರಿಸಿ, ಯಾರೋ ಕೂತು ನಕಲು ಮಾಡಿದ್ದು ಉಳಿಯಿತು. ಆಗಿನ ಪತ್ರಗಳಲ್ಲಿ ‘ದಯವಿಟ್ಟು ಈ ಎರಡು ಪುಟ ನಕಲು ಮಾಡಿ ಕಳಿಸಿ’ ಅನ್ನುವ ಸಾಲು ಬಂದಾಗೆಲ್ಲ ನನಗೆ ಆ ಬೆಂಕಿ ನೆನಪಾಗುತ್ತದೆ.

ಗೆಳೆತನ ಮುರಿದದ್ದೂ ಇದೆ. ಹಳೆಯ ಸಂಗತಿಗಳನ್ನು ಕೂಡಿಸುತ್ತಿದ್ದ ಜಾನ್ ಆಬ್ರಿ ವರ್ಷಗಟ್ಟಲೆ ಆಕ್ಸ್‌ಫರ್ಡಿನ ಚರಿತ್ರೆಕಾರ ಆಂಟನಿ ವುಡ್‌ಗೆ ಪತ್ರದಲ್ಲಿ ಮಾಹಿತಿ ಒದಗಿಸಿದ, ಕೊನೆಗೆ ತನ್ನ ಕೈಬರಹದ ಸಂಪುಟಗಳನ್ನೇ ನಂಬಿ ಕೊಟ್ಟ. ವುಡ್ ಒಂದರಿಂದ ನಲವತ್ತು ಪುಟದಷ್ಟು ಕತ್ತರಿಸಿದ. 1694ರಲ್ಲಿ ಆಬ್ರಿ ಬರೆದ ದೂರಿನ ಪತ್ರ ಓದಿದರೆ ಸಂಕಟವಾಗುತ್ತದೆ.

ಎಲ್ಲಿಂದ ಶುರು ಅಂದರೆ, ಬಾಡ್ಲಿ ಜೇಮ್ಸ್‌ಗೆ ಬರೆದ ಪತ್ರಗಳಿಂದಲೇ. ಚಿಕ್ಕವು, ವಿಷಯ ಸರಳ. ಆಮೇಲೆ ಅಶ್ಶರ್ ಪತ್ರಗಳು. 1686ರ ಮುದ್ರಣ ಇದೆ. ನಂತರ, 17ನೇ ಶತಮಾನದಲ್ಲಿ ಲಂಡನ್ನಿನಲ್ಲಿದ್ದು ಪಂಡಿತರ ನಡುವೆ ಪತ್ರದಲ್ಲಿ ಸುದ್ದಿ ಹಂಚುತ್ತಿದ್ದ ಸ್ಯಾಮ್ಯುಯೆಲ್ ಹಾರ್ಟ್‌ಲಿಬ್‌ನ ಕಾಗದಪತ್ರ. ಅವು 1933ರಲ್ಲಿ ಮತ್ತೆ ಸಿಕ್ಕವು, ಈಗ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿವೆ, ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಸುಮ್ನೆ ಮೊದಲೇ ಅದಕ್ಕೆ ಕೈ ಹಾಕಬೇಡಿ, ರಾಶಿ ದೊಡ್ಡದು.

ಎರಡು ವಿಷಯ ಗಮನದಲ್ಲಿರಲಿ. ಆಗಿನ ಇಂಗ್ಲಿಷಿನಲ್ಲಿ ಯು ಮತ್ತು ವಿ ಅಕ್ಷರ ಅದಲುಬದಲಾಗುತ್ತವೆ, ಎಸ್ ಅಕ್ಷರ ಎಫ್ ತರ ಕಾಣುತ್ತದೆ. ಇನ್ನೊಂದು, ಅವರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ನಾನು ಹೇಳಿದ 1612ರ ಜನವರಿಯ ಪತ್ರ ಅವರ ಲೆಕ್ಕದಲ್ಲಿ 1611. ಆ ವರ್ಷದಡಿ ಹುಡುಕಿ. ಓದುವಾಗ ಯಾವುದಾದರೂ ಸಾಲು ಬಿಡಿಸಲು ಬರದಿದ್ದರೆ ಇಲ್ಲೇ ಕೆಳಗೆ ಹಾಕಿ, ಕೂತು ನೋಡೋಣ.