418 ನೋಡಿ ನಿಮ್ಮ ಸೀನಿಯರ್ ಯಾಕೆ ನಕ್ಕರು

ನಿಮ್ಮ ಪ್ರಶ್ನೆ ಓದಿದೆ. ಆಫೀಸಲ್ಲಿ ಸೀನಿಯರ್ ಒಬ್ರು ಲಾಗ್‌ನಲ್ಲಿ, ಅಂದ್ರೆ ಪ್ರೋಗ್ರಾಂ ಏನೇನು ಮಾಡ್ತು ಅಂತ ಬರೆದಿಡೋ ಫೈಲಲ್ಲಿ, 418 ಅಂತ ಬಂದಿದ್ದು ನೋಡಿ ನಗ್ತಾ ಕೂತ್ರು, ನೀವು ಹುಡುಕಿದ್ರೆ "ನಾನೊಂದು ಟೀಪಾಟ್" ಅಂತ ಅರ್ಥ ಸಿಕ್ತು, ಇದ್ರಲ್ಲಿ ನಗೋದೇನಿದೆ, ಹಳೇ ಕಾಲದ ಸಿಸ್ಟಮ್ ಅಡ್ಮಿನ್‌ಗಳು ಇಂಥದ್ದಕ್ಕೆಲ್ಲ ಯಾಕಷ್ಟು ನಗ್ತಿದ್ರು ಅಂತ ಕೇಳಿದೀರ. ನಾನು 2001ರಿಂದ ಇದೇ ಕೆಲ್ಸದಲ್ಲಿದೀನಿ, ಮೊದಲ ನೌಕರಿ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಲ್ಲಿ. ಈ ಜೋಕ್‌ಗಳನ್ನ ಓದ್ಕೊಂಡೇ ನೆಟ್‌ವರ್ಕಿಂಗ್ ಎಷ್ಟೋ ಕಲ್ತಿದೀನಿ, ಅದ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಪುರುಸೊತ್ತಿದ್ದಾಗ ಓದಿ.

ಮೊದ್ಲು 418. ಬ್ರೌಸರೋ ಸ್ಕ್ರಿಪ್ಟೋ ಏನಾದ್ರೂ ಕೇಳಿದಾಗ ವೆಬ್ ಸರ್ವರ್ ಉತ್ತರದ ಜೊತೆ ಒಂದು ನಂಬರ್ ಕೊಡುತ್ತೆ, ಪೇಜ್ ಸಿಗ್ಲಿಲ್ಲ ಅಂದ್ರೆ 404 ಅಂತ, ಇದೂ ಅಂಥದ್ದೇ ಒಂದು ನಂಬರ್. ಇಂಟರ್ನೆಟ್ ಹೇಗೆ ನಡೀಬೇಕು ಅನ್ನೋ ನಿಯಮಗಳನ್ನ ಆರ್‌ಎಫ್‌ಸಿ ಅನ್ನೋ ದಾಖಲೆಗಳಲ್ಲಿ ಬರೀತಾರೆ, ಒಂದೊಂದಕ್ಕೂ ನಂಬರ್ ಇರುತ್ತೆ, ಓದೋಕೆ ಸರ್ಕಾರಿ ಸುತ್ತೋಲೆ ಥರಾನೇ ಒಣ ಒಣ. ಅದ್ರಲ್ಲಿ 2324ನೇದು ಬಂದಿದ್ದು 1998ರ ಏಪ್ರಿಲ್ 1ಕ್ಕೆ. ಬರೆದೋರು ಲ್ಯಾರಿ ಮ್ಯಾಸಿಂಟರ್. ವಿಷಯ ಏನಪ್ಪಾ ಅಂದ್ರೆ ನೆಟ್‌ವರ್ಕ್ ಮೂಲಕ ಕಾಫಿ ಪಾತ್ರೆಗೆ ಆರ್ಡರ್ ಕೊಡೋ ಪ್ರೋಟೋಕಾಲ್, ಅಂದ್ರೆ ಮಷೀನ್‌ಗಳು ಮಾತಾಡ್ಕೊಳ್ಳೋ ನಿಯಮ. ವೆಬ್ ಪೇಜ್ ತರಿಸೋಕೆ ಗೆಟ್ ಅನ್ನೋ ಆಜ್ಞೆ ಇದ್ದ ಹಾಗೆ ಇಲ್ಲಿ ಕಾಫಿ ಮಾಡೋಕೆ ಬ್ರೂ, ಹಾಲು ಹಾಕ್ತಾ ಇರುವಾಗ "ಸಾಕು" ಅನ್ನೋಕೆ ವೆನ್, ಜೊತೆಗೆ ಯಾವ ಹಾಲು, ಯಾವ ಸಿರಪ್ ಅಂತ ತಿಳಿಸೋ ಹೆಡರ್. ಕೆಫೀನ್ ತೆಗೆದಿರೋ ಕಾಫಿಗೆ ಮಾತ್ರ ಜಾಗಾನೇ ಕೊಟ್ಟಿಲ್ಲ, ಅದನ್ನ ಕುಡಿದು ಪ್ರಯೋಜನ ಏನು ಅಂತ ಬರೆದಿದಾರೆ, ಫಿಲ್ಟರ್ ಕಾಫಿ ಕುಡ್ಕೊಂಡು ಬೆಳೆದಿರೋ ನಮ್ಮಂಥೋರು ಆ ಸಾಲನ್ನ ಒಪ್ಲೇಬೇಕು. ಯಾರಾದ್ರೂ ಟೀಪಾಟ್‌ಗೆ ಹೋಗಿ ಕಾಫಿ ಮಾಡು ಅಂದ್ರೆ ಅದು 418 ಅಂತ ಉತ್ತರ ಕೊಡ್ಬೇಕು. ಅದ್ರ ಜೊತೆ ಬರೋ ಉತ್ತರ ಗಿಡ್ಡಕ್ಕೆ ದಪ್ಪಗೆ ಇರಬಹುದು ಅಂತಾನೂ ಸೇರಿಸಿದಾರೆ, ಅದು ಟೀಪಾಟ್ ಬಗ್ಗೆ ಇರೋ ಇಂಗ್ಲಿಷ್ ಮಕ್ಕಳ ಪದ್ಯವೊಂದರ ನೆನಪು, ಆ ಪದ್ಯ ಕೇಳಿರದ ನಮಗೆ ಅರ್ಧ ನಗು ಅಲ್ಲೇ ತಪ್ಪಿಹೋಗುತ್ತೆ, ಅದು ನಿಮ್ಮ ತಪ್ಪಲ್ಲ.

ಆದ್ರೆ ಉಳಿದರ್ಧ ಇದ್ಯಲ್ಲ, ಅದು ಮುಖ್ಯ. ಆ ಹೊತ್ತಿಗೆ ವೆಬ್ ಸಿಕ್ಕಾಪಟ್ಟೆ ಬೆಳೀತಿತ್ತು, ಪ್ರತಿಯೊಬ್ರೂ ತಮ್ಮ ತಮ್ಮ ಸಾಮಾನಿಗೆ, ಬ್ರೌಸರ್ ಸರ್ವರ್ ಮಾತಾಡ್ಕೊಳ್ಳೋ ನಿಯಮವಾದ ಎಚ್‌ಟಿಟಿಪಿಯನ್ನ ಎಳೆದು ಹಿಗ್ಗಿಸಿ ಹೊಸ ಹೊಸ ಬಾಲ ಅಂಟಿಸ್ತಾ ಇದ್ರು. ಹಾಗೆ ಎಲ್ಲೆಲ್ಲಿ ತಪ್ಪಾಗಿ ಹಿಗ್ಗಿಸ್ತಿದಾರೆ ಅಂತ ತೋರಿಸೋಕೇ ಇದನ್ನ ಬರೆದಿದ್ದು ಅಂತ ಮ್ಯಾಸಿಂಟರ್ ಅವರೇ ಆಮೇಲೆ ಹೇಳಿದಾರೆ. ಅಂದ್ರೆ ಅದು ನಿಜವಾದ ತಾಂತ್ರಿಕ ಟೀಕೆ. ಅದನ್ನ ಪೂರ್ತಿ ನಿಯಮದ ಭಾಷೇಲೇ, ಒಂದು ಅಲ್ಪವಿರಾಮಾನೂ ತಪ್ಪದೆ ಬರೆದಿದಾರೆ ಅನ್ನೋದೇ ನಗು. ಎಚ್‌ಟಿಟಿಪಿ ಚೆನ್ನಾಗಿ ಗೊತ್ತಿಲ್ದೇ ಇದ್ದೋರು ಹಾಗೆ ಬರೆಯೋಕೇ ಆಗಲ್ಲ.

ಕಾಫಿ ಅಂದ ಮೇಲೆ ಕೇಂಬ್ರಿಜ್ ಯೂನಿವರ್ಸಿಟಿಯ ಕಂಪ್ಯೂಟರ್ ಲ್ಯಾಬ್ ಬಗ್ಗೆ ಹೇಳ್ದೆ ಮುಂದೆ ಹೋಗೋ ಹಾಗಿಲ್ಲ. 1991ರಲ್ಲಿ ಅಲ್ಲಿನೋರಿಗೆ ಒಂದೇ ತೊಂದ್ರೆ, ಬೇರೆ ಮಹಡಿಯಿಂದ ಮೆಟ್ಟಿಲು ದಾಟಿ ಬಂದ್ರೆ ಕಾಫಿ ಜಾರ್ ಖಾಲಿ. ಜಾರ್ ಮುಂದೆ ಒಂದು ಕ್ಯಾಮೆರಾ ಇಟ್ಟು 128ಕ್ಕೆ 128 ಪಿಕ್ಸೆಲ್‌ನ ಕಪ್ಪುಬಿಳುಪು ಚಿತ್ರ ಎಲ್ಲರ ಸ್ಕ್ರೀನಿಗೂ ಬರೋ ಹಾಗೆ ಮಾಡಿದ್ರು, 1993ರಲ್ಲಿ ಅದು ವೆಬ್‌ಗೂ ಬಂತು, ಮೊಟ್ಟಮೊದಲ ವೆಬ್‌ಕ್ಯಾಮ್ ಅಂತ ಹೆಸರಾಯ್ತು, ಜಗತ್ತೆಲ್ಲಾ ಕೂತು ಯಾರದೋ ಕಾಫಿ ಜಾರ್ ನೋಡ್ತು. 2001ರ ಆಗಸ್ಟಲ್ಲಿ ಅದನ್ನ ಆಫ್ ಮಾಡಿದಾಗ ಆ ಹಳೇ ಕಾಫಿ ಮಷೀನನ್ನ ಜರ್ಮನಿಯ ಸ್ಪೀಗಲ್ ಆನ್‌ಲೈನ್‌ನೋರು ಇ-ಬೇ ಹರಾಜಲ್ಲಿ 3,350 ಪೌಂಡ್ ಕೊಟ್ಟು ತಗೊಂಡ್ರು.

ನನಗೆ 418ಕ್ಕಿಂತ ಪಾರಿವಾಳದ್ದು ಇನ್ನೂ ಇಷ್ಟ. 1990ರ ಏಪ್ರಿಲ್ 1, ಆರ್‌ಎಫ್‌ಸಿ 1149, ಡೇವಿಡ್ ವೈಟ್ಸ್‌ಮನ್ ಬರೆದಿದ್ದು. ಐಪಿ ಪ್ಯಾಕೆಟ್‌ಗಳನ್ನ, ಅಂದ್ರೆ ಇಂಟರ್ನೆಟ್ಟಲ್ಲಿ ಡೇಟಾ ಹೋಗೋ ಚಿಕ್ಕ ಚಿಕ್ಕ ತುಂಡುಗಳನ್ನ, ಹಕ್ಕಿಗಳ ಮೂಲಕ ಕಳಿಸೋ ವಿಧಾನ. ಪ್ಯಾಕೆಟ್ಟನ್ನ ಹೆಕ್ಸ್ ಅನ್ನೋ 16ರ ಸಂಖ್ಯಾಪದ್ಧತೀಲಿ ಸಣ್ಣ ಕಾಗದದ ಸುರುಳಿ ಮೇಲೆ ಪ್ರಿಂಟ್ ಮಾಡಿ ಪಾರಿವಾಳದ ಕಾಲಿಗೆ ಟೇಪ್ ಸುತ್ತಿ ಹಾರಿಸ್ಬೇಕು. ಒಂದು ಸಲಕ್ಕೆ ಎಷ್ಟು ದೊಡ್ಡ ಪ್ಯಾಕೆಟ್ ಹೋಗಬಹುದು ಅನ್ನೋದಕ್ಕೆ ಎಂಟಿಯು ಅಂತೀವಲ್ಲ, ಅದು ಇಲ್ಲಿ ಸಾಧಾರಣವಾಗಿ 256 ಮಿಲಿಗ್ರಾಂ, ಹಕ್ಕಿಗೆ ವಯಸ್ಸಾದಷ್ಟೂ ಜಾಸ್ತಿ ಆಗುತ್ತಂತೆ. ಬೈಟ್ ಇರಬೇಕಾದ ಕಡೆ ಮಿಲಿಗ್ರಾಂ! ಎಂಟಿಯು ಅಂದ್ರೇನು ಅಂತ ನನಗೆ ಪುಸ್ತಕ ಓದಿದಾಗ ತಲೆಗೆ ಹೋಗಿರ್ಲಿಲ್ಲ, ಈ ಸಾಲು ಓದಿದ್ಮೇಲೆ ಒಂದೇ ಏಟಿಗೆ ಹೋಯ್ತು, ಹಕ್ಕಿ ಎಷ್ಟು ಹೊರುತ್ತೋ ಅಷ್ಟು.

ಇಲ್ಲಿಗೇ ಮುಗಿದಿದ್ರೆ ಬರೀ ಜೋಕು. ಆದ್ರೆ ಹನ್ನೊಂದು ವರ್ಷ ಆದ್ಮೇಲೆ, 2001ರ ಏಪ್ರಿಲ್ 28ಕ್ಕೆ, ನಾರ್ವೆಯ ಬರ್ಗನ್ ಊರಿನಲ್ಲಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬಳಸೋ ಬಳಗದೋರು ಪಾರಿವಾಳ ಸಾಕೋರ ಹತ್ರ ನಿಜವಾದ ಪಾರಿವಾಳಗಳನ್ನ ತಂದು ಇದನ್ನ ಮಾಡೇಬಿಟ್ರು. ಪ್ಯಾಕೆಟ್ ಪ್ರಿಂಟ್ ಮಾಡೋದು, ಕಾಲಿಗೆ ಕಟ್ಟೋದು, ಸುಮಾರು 5 ಕಿಲೋಮೀಟರ್ ಹಾರಿ ಹೋದ ಮೇಲೆ ಆ ಕಡೆ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಓದಿಸೋದು, ವಾಪಸ್ ಉತ್ತರ ಕಟ್ಟಿ ಕಳಿಸೋದು. ಪಿಂಗ್ ಅಂದ್ರೆ ಆ ಕಡೆ ಮಷೀನ್ ಇದ್ಯಾ ಅಂತ ಕೇಳಿ ಉತ್ತರಕ್ಕೆ ಕಾಯೋದು, ಅಂಥ 9 ಪಿಂಗ್ ಹೋಗಿ 4ಕ್ಕೆ ಉತ್ತರ ಬಂತು, 55 ಪರ್ಸೆಂಟ್ ಲಾಸ್. ಬೇಗ ಬಂದ ಉತ್ತರಕ್ಕೆ 3,200 ಸೆಕೆಂಡ್ ಚಿಲ್ಲರೆ, ತಡವಾಗಿ ಬಂದಿದ್ದಕ್ಕೆ 6,300 ಮೇಲೆ, ಅಂದ್ರೆ ಪೌಣೆರಡು ಗಂಟೆ ಆಯ್ತು. ಪಿಂಗ್ ಕಮಾಂಡ್ ಕೊನೇಲಿ ಯಾವಾಗ್ಲೂ ಕೊಡೋ ಅದೇ ಲೆಕ್ಕದ ಸಾಲನ್ನ ಇಲ್ಲೂ ಕೊಡ್ತು, ಯಾಕಂದ್ರೆ ಐಪಿಗೆ ಕೆಳಗೆ ತಂತಿ ಇದ್ಯೋ ಹಕ್ಕಿ ಇದ್ಯೋ ಬೇಕಾಗೇ ಇಲ್ಲ. ನೆಟ್‌ವರ್ಕಿನ ಕೆಲ್ಸಾನ ಒಂದರ ಮೇಲೊಂದು ಪದರವಾಗಿ ಹಂಚೋದನ್ನ ಲೇಯರ್ ಅಂತ ಹೇಳಿಕೊಡ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಾನಂತೂ ನೋಡಿಲ್ಲ, ಹೊಸದಾಗಿ ಸೇರೋ ಹುಡುಗ್ರಿಗೆ ಈಗ್ಲೂ ಇದನ್ನೇ ಹೇಳ್ತೀನಿ.

ಈಗ ನನ್ನ ಲ್ಯಾಬಿಂದು ಒಂದು. ಲಿನಕ್ಸ್ ಮಷೀನ್ ಒಂದಕ್ಕೆ ದೊಡ್ಡ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಾಕಿದ್ವಿ, ಇಂಟರ್ನಲ್ಸ್ ಮಾರ್ಕ್ಸ್ ಎಲ್ಲ ಅದ್ರಲ್ಲೇ ಕರಕರ ಅಂತ ಬರ್ತಿತ್ತು. ಒಂದಿನ ನಾನು ಊಟಕ್ಕೆ ಹೋಗಿ ಬರೋ ಅಷ್ಟ್ರಲ್ಲಿ ಲ್ಯಾಬಿನ ಅಟೆಂಡರ್ ಮೇನ್ ಸ್ವಿಚ್ ಇಳಿಸಿ, ಮರಳಿನ ಬಕೆಟ್ ಕೈಲಿ ಹಿಡ್ಕೊಂಡು ನಿಂತಿದಾರೆ. ಸ್ಕ್ರೀನ್ ಮೇಲೆ "ಎಲ್‌ಪಿ0 ಆನ್ ಫೈರ್", ಅಂದ್ರೆ ಪ್ರಿಂಟರ್‌ಗೆ ಬೆಂಕಿ ಬಿದ್ದಿದೆ, ಅಂತ ಬಂದಿತ್ತು, ಪಕ್ಕದಲ್ಲಿದ್ದ ಹುಡುಗ ಅದನ್ನ ಓದಿ ಹೇಳಿದಾನೆ, "ಬೆಂಕಿ ಅಂತ ಕಂಪ್ಯೂಟರೇ ಹೇಳ್ತಾ ಐತಿ ಸಾರ್" ಅಂದ್ರು ಅಟೆಂಡರ್. ಹುಡುಗ್ರು ನಗ್ತಾ ಇದ್ರು. ನಾನು ಆಮೇಲೆ ಸೋರ್ಸ್ ಕೋಡ್ ತೆಗೆದು ನೋಡ್ದೆ. ಪ್ರಿಂಟರ್ ನಡೆಸೋ ಪ್ರೋಗ್ರಾಂ, ಅಂದ್ರೆ ಡ್ರೈವರ್, ವರಸೆಯಾಗಿ ಕೇಳುತ್ತೆ, ಪೇಪರ್ ಇಲ್ವಾ, ಇಲ್ಲಾಂದ್ರೆ ಹಾಗಂತ ಹೇಳುತ್ತೆ, ಆಫ್‌ಲೈನ್ ಆಗಿದ್ಯಾ, ಆಗಿದ್ರೆ ಅದನ್ನ ಹೇಳುತ್ತೆ, ಎರಡೂ ಸರಿಯಿದ್ದು ಆದ್ರೂ ಪ್ರಿಂಟರ್ ಏನೋ ಎರರ್ ಅಂತಿದ್ರೆ ಕೊನೇಗೆ ಇದೊಂದು ಸಾಲು ಬರುತ್ತೆ. ಲಿನಕ್ಸ್‌ಗೂ ಮುಂಚಿನ ಯೂನಿಕ್ಸ್ ಸಿಸ್ಟಮ್‌ಗಳ ಕಾಲದ ತಮಾಷೆ, ಬರೆದೋರು ಬರೆದಿಟ್ರು, ಅದು ದೇಶ ದಾಟಿ ನಮ್ಮ ಲ್ಯಾಬಿಗೆ ಬಂದು ನಿಜ ಅಂತ ಓದಿಸ್ಕೊಳ್ತು. ನಾನು ಅವತ್ತೇ ಹುಡುಗ್ರಿಗೆ ಹೇಳ್ದೆ, ಬೆಂಕಿ ಅಂತ ಓದಿದ್ಮೇಲೆ ಕರೆಂಟ್ ತೆಗೆದು ಮರಳು ಹಿಡಿಯೋದೇ ಸರಿ, ಈ ರೂಮಲ್ಲಿ ಸರಿಯಾಗಿ ನಡ್ಕೊಂಡಿದ್ದು ಅವರೊಬ್ರೇ ಅಂತ. ಈಗ್ಲೂ ಅದೇ ಅಂತೀನಿ.

ಇದನ್ನ ಯಾಕೆ ಹೇಳ್ದೆ ಅಂದ್ರೆ ಆ ಕಾಲದ ಜೋಕ್‌ಗಳಲ್ಲಿ ಎರಡು ಜಾತಿ ಇತ್ತು, ನಿಮಗೆ ಎರಡೂ ಸಿಗ್ತವೆ. ಒಂದು, ಯೂಸರ್‌ನ ದಡ್ಡ ಮಾಡೋದು. ತೊಂದ್ರೆ ಇರೋದು ಕುರ್ಚಿಗೂ ಕೀಬೋರ್ಡಿಗೂ ಮಧ್ಯೆ ಅನ್ನೋದು, ಸಿಡಿ ಟ್ರೇನ ಕಾಫಿ ಕಪ್ ಇಡೋಕೆ ಅಂದ್ಕೊಂಡೋರ ಕಥೆ, ನ್ಯೂಜಿಲೆಂಡಿನ ಸೈಮನ್ ಟ್ರಾವಾಲಿಯಾ 90ರ ದಶಕದ ಶುರುವಿಂದ ಬರೆದ ಕೆಟ್ಟ ಆಪರೇಟರ್ ಕಥೆಗಳು, ಅದ್ರಲ್ಲಿ ಫೋನ್ ಮಾಡಿದ ಯೂಸರ್‌ಗೆ ಏನೋ ಒಂದು ನೆಪ ಹೇಳಿ ಫೈಲೇ ಅಳಿಸಿಬಿಡೋ ಆಪರೇಟರ್ ಇರ್ತಾನೆ. ರಾತ್ರಿಯೆಲ್ಲಾ ಪೇಜರ್ ಹೊಡ್ಕೊಳ್ತಾ ಇದ್ದೋರಿಗೆ ಅದು ಯಾಕೆ ಬೇಕಾಗಿತ್ತು ಅಂತ ನನಗೆ ಅರ್ಥ ಆಗುತ್ತೆ, ಸರ್ವರ್ ನಡೀತಿರೋವಾಗ ಯಾರೂ ನಿಮ್ಮ ಹೆಸರು ಎತ್ತಲ್ಲ, ನಿಂತಾಗ ಎಲ್ರೂ ಎತ್ತುತಾರೆ. ಆದ್ರೆ ಮಷೀನ್ ಕೆಟ್ರೆ ಯೂಸರ್‌ನ ಬೈಯೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನನಗೆ ಆ ಜಾತಿ ಹಿಡಿಸ್ಲಿಲ್ಲ, ಅದನ್ನ ಓದಿ ಬೆಳೆದ ಕೆಲವರು ಹೆಲ್ಪ್‌ಡೆಸ್ಕಲ್ಲಿ ಕೂತು ನಿಜವಾಗ್ಲೂ ಹಾಗೇ ಮಾತಾಡ್ತಿದ್ದಿದ್ದನ್ನೂ ನೋಡಿದೀನಿ.

ಇನ್ನೊಂದು ಜಾತಿ, ಯೂಸರ್ ಹೇಳಿದ್ದು ಹುಚ್ಚು ಅನ್ಸಿ ಕೊನೇಗೆ ಅದೇ ನಿಜ ಆಗೋದು. ಅದ್ರಲ್ಲಿ ರಾಜ ಅಂದ್ರೆ 500 ಮೈಲಿ ಈಮೇಲ್. ಹೇಳಿದೋರು ಟ್ರೇ ಹ್ಯಾರಿಸ್, 90ರ ದಶಕದ ನಡುವೆ ಅಮೆರಿಕದ ಯೂನಿವರ್ಸಿಟಿ ಒಂದರಲ್ಲಿ ಈಮೇಲ್ ನೋಡ್ಕೊಳ್ತಿದ್ರು. ಸ್ಟ್ಯಾಟಿಸ್ಟಿಕ್ಸ್ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು ಫೋನ್ ಮಾಡಿ, ನಮ್ಮ ಮೇಲ್ 500 ಮೈಲಿಗಿಂತ ದೂರ ಹೋಗ್ತಿಲ್ಲ ಅಂದ್ರಂತೆ. ಮೇಲ್ ಹಾಗೆಲ್ಲ ದೂರ ನೋಡ್ಕೊಂಡು ಹೋಗಲ್ಲ ಸಾರ್ ಅಂತ ಯಾರಾದ್ರೂ ಹೇಳ್ತಾರೆ. ಆದ್ರೆ ಅವರು ಸ್ಟ್ಯಾಟಿಸ್ಟಿಕ್ಸ್‌ನೋರು, ಒಂದೆರಡು ದಿನ ಕಾದು ಲೆಕ್ಕ ಸೇರಿಸ್ಕೊಂಡು, ಭೂಪಟ ಹಾಕ್ಕೊಂಡೇ ಫೋನ್ ಮಾಡಿದ್ರು. ಹ್ಯಾರಿಸ್ ತಾವೇ ಕಳಿಸಿ ನೋಡಿದ್ರೆ ನ್ಯೂಯಾರ್ಕ್ 420 ಮೈಲಿ, ಹೋಯ್ತು, ಪ್ರಾವಿಡೆನ್ಸ್ 580 ಮೈಲಿ, ಹೋಗ್ಲಿಲ್ಲ!

ಕಾರಣ ಏನು ಅಂದ್ರೆ ಯಾರೋ ಬಂದು ಆ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ್ರು, ಅದ್ರ ಜೊತೆ ಮೇಲ್ ಕಳಿಸೋ ಸೆಂಡ್‌ಮೇಲ್ ಅನ್ನೋ ಪ್ರೋಗ್ರಾಂ ಮಾತ್ರ 8ನೇ ವರ್ಷನ್ನಿಂದ ಹಳೇ 5ಕ್ಕೆ ಇಳಿದುಬಿಟ್ಟಿತ್ತು, ಅದ್ರ ಸೆಟಿಂಗ್‌ಗಳಿರೋ ಕಾನ್ಫಿಗ್ ಫೈಲ್ ಹೊಸದೇ ಉಳ್ಕೊಂಡಿತ್ತು. ಹಳೇ ಸೆಂಡ್‌ಮೇಲ್‌ಗೆ ಹೊಸ ಫೈಲಿನ ಉದ್ದುದ್ದ ಹೆಸರುಗಳ ತಲೆಬುಡ ಅರ್ಥ ಆಗ್ಲಿಲ್ಲ, ಕಸ ಅಂತ ಬಿಟ್ಟು ಮುಂದೆ ಹೋಯ್ತು, ಹಾಗಾಗಿ ಆ ಕಡೆ ಸರ್ವರ್‌ಗೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋ ಟೈಮ್‌ಔಟ್ ಸೊನ್ನೆ ಆಯ್ತು. ಸೊನ್ನೆ ಅಂದ್ರೂ ಆ ಮಷೀನಲ್ಲಿ ಕನೆಕ್ಷನ್ ಬಿಟ್ಟುಬಿಡೋಕೆ 3 ಮಿಲಿಸೆಕೆಂಡ್ ಚೂರು ಮೇಲೆ ಹಿಡೀತಿತ್ತು. ಕ್ಯಾಂಪಸ್ ನೆಟ್‌ವರ್ಕ್ ಪೂರ್ತಿ ಸ್ವಿಚ್‌ಗಳದ್ದು, ಮಧ್ಯೆ ರೂಟರ್ ತಡ ಕಮ್ಮಿ, ಹಾಗಾಗಿ ಸಮಯ ತಿನ್ನೋದು ಹೆಚ್ಚುಕಮ್ಮಿ ದೂರ ಒಂದೇ. 3 ಮಿಲಿಸೆಕೆಂಡಲ್ಲಿ ಬೆಳಕು ಎಷ್ಟು ದೂರ ಹೋಗುತ್ತೆ ಅಂತ ಅಳತೆ ಬದಲಾಯಿಸಿ ಕೊಡೋ ಯೂನಿಟ್ಸ್ ಕಮಾಂಡಿಗೆ ಕೇಳಿದ್ರೆ 558 ಮೈಲಿ ಚಿಲ್ಲರೆ. ನಾನು ಇದನ್ನ ಮೊದಲ ಸಲ ಓದಿದಾಗ ನಗು ಬಂತು, ಅದ್ರ ಹಿಂದೇನೇ ಮೈ ಜುಮ್ ಅಂತು. 558 ಮೈಲಿ ಅಂದ್ರೆ ಸುಮಾರು 900 ಕಿಲೋಮೀಟರ್, ಆ ಸರ್ವರ್ ಬೆಂಗಳೂರಲ್ಲಿ ಇದ್ದಿದ್ರೆ ಮೇಲ್ ಚೆನ್ನೈಗೆ ಹೋಗ್ತಿತ್ತು, ಹೈದರಾಬಾದಿಗೆ ಹೋಗ್ತಿತ್ತು, ಮುಂಬೈಗೂ ಏದುಸಿರು ಬಿಟ್ಕೊಂಡು ಮುಟ್ತಿತ್ತು, ದಿಲ್ಲಿಗೆ ಮಾತ್ರ ಇಲ್ಲ. ಬೆಳಕು ಹೋಗಿ ವಾಪಸ್ ಬರೋದನ್ನೂ ಲೆಕ್ಕ ಹಾಕ್ಬೇಕಲ್ವಾ ಅಂತ ಕೇಳೋರಿದಾರೆ, ಕೇಳ್ಬೇಕಾದ ಪ್ರಶ್ನೇನೇ ಅದು, ಬೇಸರ ತರಿಸೋ ವಿವರಗಳನ್ನ ಬದಲಾಯಿಸಿದೀನಿ ಅಂತ ಹ್ಯಾರಿಸ್ ಅವರೇ ಹೇಳಿದಾರೆ. ನನಗೆ ಅದ್ರಲ್ಲಿ ಬೇಕಾಗಿದ್ದು ಆ ಮುಖ್ಯಸ್ಥರು. ಫೋನ್ ಇಟ್ಟುಬಿಡದೆ ಅವರ ಮಾತು ಪೂರ್ತಿ ಕೇಳಿಸ್ಕೊಂಡಿದ್ದಕ್ಕೇ ಇದು ಸಿಕ್ಕಿದ್ದು. ಆವತ್ತಿಂದ ಯೂಸರ್ ಬಂದು "ಮಧ್ಯಾಹ್ನ ಮಳೆ ಬಂದಾಗ ಮಾತ್ರ ನೆಟ್ ಹೋಗುತ್ತೆ" ಅಂದ್ರೆ ನಾನು ಮೊದ್ಲು ಛಾವಣಿ ಮೇಲಿನ ಕೇಬಲ್ ನೋಡೋಕೆ ಹೋಗ್ತೀನಿ, ಎರಡು ಸಲ ಅದೇ ಆಗಿತ್ತು ಕೂಡ.

ಇನ್ನು ನಿಮ್ಮ 418. 2017ರಲ್ಲಿ ಎಚ್‌ಟಿಟಿಪಿ ನೋಡ್ಕೊಳ್ಳೋ ಗುಂಪಿನ ಮಾರ್ಕ್ ನಾಟಿಂಗ್‌ಹ್ಯಾಮ್ ಅವರು, ಇದು ನಿಜವಾದ ಕೋಡ್ ಅಲ್ಲ, ತೆಗೀರಿ ಅಂತ ನೋಡ್‌ಜೆಎಸ್, ಗೋ ಅನ್ನೋ ಪ್ರೋಗ್ರಾಮಿಂಗ್ ಸಾಧನಗಳನ್ನ ನೋಡ್ಕೊಳ್ಳೋರಿಗೆ ಎಲ್ಲ ಕೇಳ್ಕೊಂಡ್ರು, ಜನ ಗಲಾಟೆ ಮಾಡಿ ಉಳಿಸ್ಕೊಂಡ್ರು, 2022ರ ಆರ್‌ಎಫ್‌ಸಿ 9110ರಲ್ಲಿ ಆ ನಂಬರನ್ನ ಬೇರೆ ಯಾವುದಕ್ಕೂ ಕೊಡದೆ ಬಳಸದ್ದು ಅಂತ ಎತ್ತಿಟ್ಟಿದಾರೆ. ಅದ್ಕೆ ನಿಮ್ಮ ಲಾಗಲ್ಲಿ ಅದು ತಾನಾಗೇ ಬಂದಿರಲ್ಲ, ಆ ಕಡೆ ಸರ್ವರ್ ನೋಡ್ಕೊಳ್ಳೋ ಯಾರೋ ಒಬ್ರು ಬೇಕಂತಾನೇ ಹಾಕಿರ್ತಾರೆ, ಸಾಮಾನ್ಯವಾಗಿ ಬ್ರೌಸರ್ ಅಲ್ಲದ ಸ್ಕ್ರಿಪ್ಟ್‌ಗಳನ್ನ ವಾಪಸ್ ಕಳಿಸೋಕೆ. ನಿಮ್ಮ ಸ್ಕ್ರಿಪ್ಟ್ ನಿಮಿಷಕ್ಕೆ ಎಷ್ಟು ಸಲ ಹೋಗಿ ಬಾಗಿಲು ಬಡೀತಿದೆ, ತಾನು ಯಾರು ಅಂತ ಹೇಳ್ಕೊಳ್ಳೋ ಯೂಸರ್ ಏಜೆಂಟ್ ಏನಂತ ಕಳಿಸ್ತಿದೆ ಅಂತ ಮೊದ್ಲು ನೋಡಿ. ನಿಮ್ಮ ಸೀನಿಯರ್‌ಗೆ ಅದು ಆಗ್ಲೇ ಗೊತ್ತಾಗಿರುತ್ತೆ, ಪಾರಿವಾಳದ ಪಿಂಗ್ ಔಟ್‌ಪುಟ್ ನೋಡಿದೀರಾ ಅಂತ ಅವರನ್ನ ಒಂದು ಸಲ ಕೇಳಿ.