ತೆಗೆಯದ ಸ್ಕ್ಯಾನನ್ನು ಯಂತ್ರ ನೋಡಲಾರದು

ಹಾವೇರಿಯ ಓದುಗರೊಬ್ಬರ ಪತ್ರ: ‘ರಾತ್ರಿ ದೊಡ್ಡಪ್ಪನಿಗೆ ಎದೆನೋವು ಬಂತು. ಇಸಿಜಿ ನಾರ್ಮಲ್. ಗ್ಯಾಸ್ ಅಂತ ಮನೆಗೆ ಕಳಿಸಿದರು. ಬೆಳಗ್ಗೆ ಬೇರೆ ಕಡೆ ಸಿಟಿ ಮಾಡಿ ಅಯೋರ್ಟಾ ಸೀಳಿದೆ ಅಂದರು. ಅವರು ಉಳಿಯಲಿಲ್ಲ. ಈಗ ಕಂಪ್ಯೂಟರೇ ಸ್ಕ್ಯಾನ್ ನೋಡಿ ಇದನ್ನು ಹಿಡಿಯುತ್ತದಂತೆ. ಆ ರಾತ್ರಿ ಅದು ಇದ್ದಿದ್ದರೆ?’

ನಿಮ್ಮ ಪತ್ರ ಓದಿ ತುಂಬಾ ಸಂಕಟವಾಯಿತು. ಇದ್ದದ್ದು ಹೇಳಬೇಕಲ್ವಾ? ಆ ಮೊದಲ ಆಸ್ಪತ್ರೆಯಲ್ಲಿ ಅದು ಇದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅಲ್ಲಿ ಸ್ಕ್ಯಾನೇ ಮಾಡಿರಲಿಲ್ಲ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವೇ ಅಯೋರ್ಟಾ. ಗೋಡೆಗೆ ಮೂರು ಪದರ. ಒಳಪದರ ಹರಿದರೆ ರಕ್ತ ಗೋಡೆಯೊಳಗೆ ನುಗ್ಗಿ ಪದರಗಳನ್ನು ಬಿಡಿಸುತ್ತಾ ಹೋಗುತ್ತದೆ. ಡೈ ಕೊಟ್ಟು ಸಿಟಿ ಮಾಡಿದರೆ ನಾಳ ಬಿಳಿ ಬಿಲ್ಲೆಯ ಹಾಗೆ ಕಾಣುತ್ತದೆ. ಸೀಳಿದ್ದರೆ ನಡುವೆ ತೆಳ್ಳನೆಯ ಕಪ್ಪು ಗೆರೆ. ಸೀಳು ಹೃದಯದ ಪಕ್ಕದಲ್ಲೇ ಇದ್ದರೆ ತಕ್ಷಣ ಆಪರೇಷನ್ ಆಗಬೇಕು. ಒಂದೊಂದು ಗಂಟೆ ತಡವಾದಷ್ಟೂ ಸಾವಿನ ಅಪಾಯ ಶೇ 1ರಿಂದ 2ರಷ್ಟು ಏರುತ್ತದೆ ಅನ್ನುವುದು ವೈದ್ಯರ ಹಳೆಯ ಲೆಕ್ಕ.

ಕಂಪ್ಯೂಟರ್ ಹುಡುಕುವುದು ಆ ಗೆರೆಯನ್ನೇ. ಸ್ಕ್ಯಾನ್ ಮುಗಿದ ಕೂಡಲೇ ನೂರಾರು ಚಿತ್ರ ಜಾಲಾಡುತ್ತದೆ. ಅನುಮಾನ ಬಂದರೆ ಆ ಸ್ಕ್ಯಾನನ್ನು ರೇಡಿಯಾಲಜಿಸ್ಟ್ (ಸ್ಕ್ಯಾನ್ ಓದುವ ಡಾಕ್ಟರ್) ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಕ್ಕೆ ತರುತ್ತದೆ, ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ರಾತ್ರಿಪಾಳಿಯಲ್ಲಿ ಒಬ್ಬರೇ ಕೂತು ಹತ್ತಾರು ಸ್ಕ್ಯಾನ್ ಓದುವ ಕಡೆ ಇದು ದೊಡ್ಡ ಸಹಾಯ. ಆದರೆ ಕೊನೆಯ ಮಾತು ಡಾಕ್ಟರದೇ. ಹೃದಯ ಬಡಿಯುವಾಗ ಅಯೋರ್ಟಾವೂ ಅಲುಗುತ್ತದೆ. ಚಿತ್ರ ಕದಲಿ ಸೀಳಿನಂಥದ್ದೇ ಗೆರೆ ಮೂಡಬಹುದು. ನಿಜವಾದ ಸೀಳು ತಪ್ಪಿಹೋಗಲೂಬಹುದು.

ಇದೆಲ್ಲ ಸ್ಕ್ಯಾನ್ ಆದ ಮೇಲಿನ ಮಾತು. ಸ್ಕ್ಯಾನ್ ಆಗಬೇಕಾದರೆ ಮೊದಲು ಯಾರಿಗಾದರೂ ಅನುಮಾನ ಬರಬೇಕು. ಈ ಆಪರೇಷನ್ನಿಗೆ 1950ರ ದಶಕದಲ್ಲಿ ದಾರಿ ತೋರಿಸಿದ ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್ ಮೈಕೆಲ್ ಡಿಬೇಕಿಗೇ 2005ರ ಡಿಸೆಂಬರ್ 31ರಂದು ಅಯೋರ್ಟಾ ಸೀಳಿತು. ಆಗ ವಯಸ್ಸು 97. ಏನಾಗಿದೆ ಅಂತ ಅವರೇ ಊಹಿಸಿದ್ದರು. 2006ರ ಫೆಬ್ರವರಿಯಲ್ಲಿ ಆಪರೇಷನ್ ಆಗಿ 2008ರವರೆಗೆ ಬದುಕಿದರು. ನಮಗೆ ಅವರಷ್ಟು ತಿಳಿಯದು. ಆದರೆ ನೋವು ಹೇಗೆ ಶುರುವಾಯ್ತು ಅಂತ ಹೇಳಬಲ್ಲೆವು. ಈ ನೋವು ಸಾಮಾನ್ಯವಾಗಿ ಮೆಲ್ಲಗೆ ಏರುವುದಿಲ್ಲ. ಒಮ್ಮೆಲೇ ಬಟ್ಟೆ ಹರಿದಂತೆ ಬರುತ್ತದೆ, ಬೆನ್ನಿಗೂ ಹೋಗಬಹುದು. ಎರಡು ತೋಳುಗಳ ಬಿಪಿ ಬೇರೆ ಬೇರೆ ಇರಬಹುದು. ಎರಡೂ ಕಡೆ ನೋಡಿ ಅಂತ ಕೇಳಲು ಸಂಕೋಚ ಬೇಡ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ದೊಡ್ಡಪ್ಪ ನಿಮ್ಮ ತಂದೆಯ ಸ್ವಂತ ಅಣ್ಣನಾಗಿದ್ದರೆ, ಈ ತೊಂದರೆ ಕೆಲವು ಮನೆತನಗಳಲ್ಲಿ ಬರುವುದುಂಟು. ನಿಮ್ಮ ತಂದೆಯನ್ನೂ ದೊಡ್ಡಪ್ಪನ ಮಕ್ಕಳನ್ನೂ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಡೆದದ್ದನ್ನೆಲ್ಲ ಹೇಳಿ, ಅಯೋರ್ಟಾ ಹಿಗ್ಗಿದೆಯಾ ಅಂತ ನೋಡಿಸಿ. ದೊಡ್ಡಪ್ಪನ ಸಿಟಿ ರಿಪೋರ್ಟ್ ಜೊತೆಗಿರಲಿ.