ಹಿಂಡಿ ಅಗ್ಗವೋ, ಪ್ರೋಟೀನ್ ಅಗ್ಗವೋ?

ಪ್ರಶ್ನೆ: ಹಾಲು ಕೊಡುವ ಹಸುಗಳಿಗೆ ಹಾಕುವ ಕಡಲೆಕಾಯಿ ಹಿಂಡಿ (ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ ಭಾಗ) ದುಬಾರಿಯಾಗಿದೆ. ಹತ್ತಿಕಾಳು ಹಿಂಡಿ ಕೊಡಬಹುದೇ? ಬಿಯರ್ ಕಾರ್ಖಾನೆಯ ಹಸಿ ಬಾರ್ಲಿ ಬೂಸಾ ಇನ್ನೂ ಕಡಿಮೆ ದರಕ್ಕೆ ಸಿಗುತ್ತದೆ.

ಉತ್ತರ: ಮೂಟೆಯ ದರ ಬಿಡಿ, ಒಂದು ಕಿಲೋ ಪ್ರೋಟೀನಿಗೆ ಎಷ್ಟು ಬೀಳುತ್ತದೆಂದು ನೋಡಿ. ಹಿಂಡಿಯ ಕಿಲೋ ದರವನ್ನು 100ರಿಂದ ಗುಣಿಸಿ, ಅದರ ಪ್ರೋಟೀನ್ ಶೇಕಡಾವಾರಿನಿಂದ ಭಾಗಿಸಿದರೆ ಸಾಕು. ಒಳ್ಳೆಯ ಕಡಲೆಕಾಯಿ ಹಿಂಡಿಯಲ್ಲಿ ಶೇ. 40ಕ್ಕೂ ಹೆಚ್ಚು ಪ್ರೋಟೀನ್ ಇರುತ್ತದೆ. ಸಿಪ್ಪೆ ಸಮೇತ ಅರೆದ ಹತ್ತಿಕಾಳು ಹಿಂಡಿಯಲ್ಲಿ ಶೇ. 22ರ ಆಸುಪಾಸು. ಅಂದರೆ ಕಡಲೆಕಾಯಿ ಹಿಂಡಿಯ ದರ ಹತ್ತಿಕಾಳಿನದರ 1.8 ಪಟ್ಟು ದಾಟುವವರೆಗೂ ಪ್ರೋಟೀನ್ ಲೆಕ್ಕದಲ್ಲಿ ಅದೇ ಅಗ್ಗ.

ಬಾರ್ಲಿ ಬೂಸಾದಲ್ಲಿ ಮುಕ್ಕಾಲು ಪಾಲು ನೀರು. ಸುಮಾರು ನಾಲ್ಕು ಕಿಲೋ ಹಾಕಿದರೆ ಒಂದು ಕಿಲೋ ಒಣ ಆಹಾರ ಹಾಕಿದಂತೆ. ಆ ನೀರಿಗೂ ಸಾಗಣೆ ಕೊಡುತ್ತೀರಿ. ಬಿಸಿಲಿನಲ್ಲಿ ಎರಡು ಮೂರು ದಿನಕ್ಕೇ ಹುಳಿತು ಬೂಷ್ಟು ಹಿಡಿಯುತ್ತದೆ, ಚೆಲ್ಲಿದ್ದನ್ನೂ ಲೆಕ್ಕಕ್ಕೆ ಸೇರಿಸಿ.

ಕಡಲೆಕಾಯಿ ಹಿಂಡಿ ಕೊಳ್ಳುವಾಗ ಒಂದು ತುಂಡು ಮುರಿದು ಒಳಗೆ ನೋಡಿ. ಹಸಿರು ಪುಡಿಯಂಥ ಬೂಷ್ಟು, ಮುಗ್ಗಲು ವಾಸನೆ ಇದ್ದರೆ ಬಿಟ್ಟಿ ಕೊಟ್ಟರೂ ಬೇಡ. ಅದರ ಅಫ್ಲಾಟಾಕ್ಸಿನ್ ವಿಷ ಹಸುವಿನ ಯಕೃತ್ತನ್ನು ಕೆಡಿಸುವುದಷ್ಟೇ ಅಲ್ಲ, ಹಾಲಿಗೂ ಇಳಿಯುತ್ತದೆ. ಕುದಿಸಿದರೂ ಹೋಗುವುದಿಲ್ಲ.

ಇನ್ನೊಂದು ಮಾತು. ಮೇವಿನಿಂದ ಸಿಗುವ ಶಕ್ತಿ ಸಾಲದ ಹಸುವಿಗೆ ಹಿಂಡಿ ಸುರಿದರೆ ಹೆಚ್ಚುವರಿ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತದೆ. ಹುರುಳಿ, ಅಲಸಂದೆ, ಕುದುರೆಮೆಂತೆಯಂಥ ಪ್ರೋಟೀನ್ ಹೆಚ್ಚಿರುವ ಹಸಿಮೇವು ಧಾರಾಳವಾಗಿದ್ದರೆ ಹಿಂಡಿಗಿಂತ ಶಕ್ತಿ ಕೊಡುವ ಜೋಳದ ನುಚ್ಚಿಗೆ ದುಡ್ಡು ಹಾಕುವುದೇ ಸರಿ. ಬರೀ ಭತ್ತದ ಹುಲ್ಲಿದ್ದರೆ ಹಿಂಡಿ ಬೇಕೇ ಬೇಕು.

ಪ್ರಶ್ನೆ: ಎಲ್ಲ ಹಸುಗಳಿಗೂ ಒಂದೇ ಅಳತೆಯ ದಾಣಿ (ಹಿಂಡಿ, ಬೂಸಾ, ನುಚ್ಚಿನ ಮಿಶ್ರಣ) ಹಾಕುತ್ತಿದ್ದೇನೆ. ಹೆಚ್ಚಿಸಿದರೆ ಲಾಭವೇ?

ಉತ್ತರ: ಒಂದೇ ಅಳತೆಯೇ ನಷ್ಟದ ಮೂಲ. ಮೈ ನಿರ್ವಹಣೆಗೆ ದಿನಕ್ಕೆ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಎಮ್ಮೆಗಾದರೆ ಎರಡು ಲೀಟರಿಗೆ ಒಂದು. ಒಳ್ಳೆಯ ಹಸಿಮೇವು ಹೊಟ್ಟೆ ತುಂಬ ಸಿಕ್ಕರೆ ಇದನ್ನು ಇಳಿಸಬಹುದು. ಅರ್ಧ ಕಿಲೋ ಹೆಚ್ಚಿಸಿ ಒಂದು ವಾರ ಹಾಲು ಅಳೆಯಿರಿ. ಹೆಚ್ಚಿದ ಹಾಲಿನ ಹಣ ಆ ಅರ್ಧ ಕಿಲೋದ ಬೆಲೆ ದಾಟದಿದ್ದರೆ ಹಿಂದಕ್ಕೆ ಬನ್ನಿ. ಕರು ಹಾಕಿದ ಮೊದಲ ಮೂರು ತಿಂಗಳು ಮಾತ್ರ ಕೈ ಬಿಗಿ ಮಾಡಬೇಡಿ. ಆಗ ಇಳಿದ ಹಾಲು ಆ ಸೂಲಿನಲ್ಲಿ ಮತ್ತೆ ಏರುವುದು ಕಷ್ಟ.

ಯಾವ ಬದಲಾವಣೆಯನ್ನೂ ಏಳರಿಂದ ಹತ್ತು ದಿನ ಹಿಡಿದು ಮಾಡಿ. ಒಮ್ಮೆಲೇ ಧಾನ್ಯ ಹೆಚ್ಚಿಸಿದರೆ ಹೊಟ್ಟೆಯಲ್ಲಿ ಆಮ್ಲ ಏರಿ ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ, ಹಾಲಿನ ಕೊಬ್ಬು ಇಳಿಯುತ್ತದೆ.

ಪ್ರಶ್ನೆ: ಖರ್ಚು ತಗ್ಗಿಸಲು ಲವಣ ಮಿಶ್ರಣ (ಖನಿಜಗಳ ಪುಡಿ) ನಿಲ್ಲಿಸಲೇ?

ಉತ್ತರ: ಬೇಡ. ದಿನಕ್ಕೆ 50 ಗ್ರಾಂ ಉಳಿಸಲು ಹೋಗಿ ಹಸು ಬೆದೆಗೆ ಬಾರದಿದ್ದರೆ, ತಪ್ಪಿದ ಪ್ರತಿ ಬೆದೆಗೂ 21 ದಿನದ ಮೇವು ದಂಡ. ಉಳಿತಾಯ ಬೇಕಿದ್ದರೆ ಹುಲ್ಲನ್ನು ಕತ್ತರಿಸಿ ಹಾಕಿ. ಗೋದಲಿಯಲ್ಲಿ ಉಳಿಯುವ ದಂಟು ಕಡಿಮೆಯಾಗುತ್ತದೆ.